ಕಣ್ಣಿಗೊಂದು ಅಡ್ಡಗೆರೆ

ನಮ್ಮ ವೆಬ್‌ಸೈಟಿನ ಪುಟಗಳನ್ನು ಒಳಗಿಂದ ನಿಭಾಯಿಸುವ ಅಡ್ಮಿನ್ ಪ್ಯಾನೆಲ್‌ಗೆ ಮತ್ತೆ ಹೊಸ ವೇಷ ಹಾಕಿದ್ದಾರೆ. ಹಳೆಯದರಲ್ಲಿ ಪ್ರತಿ ಪುಟದ ಮುಂದೆ ‘ಪ್ರಕಟವಾಗಿದೆ’, ‘ಕರಡು’ ಅಂತ ಬರೆದಿರುತ್ತಿತ್ತು. ಓದಲು ಬರುವ ಯಾರಿಗಾದರೂ ಅರ್ಥವಾಗುತ್ತಿತ್ತು. ಅದೇ ಅದರ ದೋಷ ಇರಬೇಕು. ಈಗ ಬರೀ ಚುಕ್ಕೆಗಳು. ಹಸಿರು, ತಿಳಿಹಸಿರು, ಹಳದಿ, ಕಿತ್ತಳೆ, ಕೆಂಪು, ಎರಡು ಥರದ ಬೂದು. ಪರದೆಗೆ ದಡಾರ ಎದ್ದ ಹಾಗಿದೆ.

ಹಸಿರು ಅಂದರೆ ಪ್ರಕಟವಾಗಿದೆ, ಸರಿ. ತಿಳಿಹಸಿರು? ಕೇಳಿದೆ. ‘ಪ್ರಕಟವಾಗಿದೆ, ಆದರೆ ಆಮೇಲೆ ತಿದ್ದಿದ್ದು ಇನ್ನೂ ಪ್ರಕಟವಾಗಿಲ್ಲ’ ಎಂದರು. ಇಷ್ಟುದ್ದದ ಮಾತನ್ನು ಸಾಸಿವೆಯಷ್ಟು ಚುಕ್ಕೆಯೊಳಗೆ ತುರುಕಿದವರಿಗೆ ಕೈ ಮುಗಿಯಬೇಕು. ಕೆಂಪು ಅಂದರೆ ಏನೋ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ತಪ್ಪು ಹುಡುಕಿದೆ. ಅಲ್ಲವಂತೆ, ಅದು ‘ತುರ್ತು’. ಕೆಟ್ಟಿದ್ದು ಕಿತ್ತಳೆ.

ಕೊನೆಯ ಕಾಲಂನಲ್ಲಿ ಒಂದು ಕಣ್ಣು. ಅದರ ಮೇಲೊಂದು ಅಡ್ಡಗೆರೆ. ಇದು ‘ಈ ಪುಟ ಈಗ ಯಾರಿಗೂ ಕಾಣುತ್ತಿಲ್ಲ’ ಅನ್ನುವ ಸುದ್ದಿಯೋ, ‘ನನ್ನನ್ನು ಒತ್ತಿ, ಮರೆಮಾಡ್ತೀನಿ’ ಅನ್ನುವ ಆಹ್ವಾನವೋ? ಎರಡೂ ಆಗಬಹುದು ಅಲ್ವಾ? ನಾನು ಆಹ್ವಾನ ಅಂದುಕೊಂಡೆ. ಒತ್ತಿದೆ. ಅದು ಸುದ್ದಿಯಾಗಿತ್ತು. ‘ಇಲ್ಲಿ ಏನಾದ್ರೂ ಬರೀಬೇಕು’ ಅಂತ ನನಗೆ ನಾನೇ ಬರೆದುಕೊಂಡಿದ್ದ ಸಾಲಿನ ಸಮೇತ ಅರ್ಧಂಬರ್ಧ ಪುಟ ಲೋಕಾರ್ಪಣೆ ಆಯಿತು. ಗಾಬರಿಯಲ್ಲಿ ಮತ್ತೆ ಒತ್ತಿದೆ. ಗೆರೆ ಬಂತು. ಹೋಗಿದ್ದು ಎಲ್ಲಿ, ಬಂದಿದ್ದು ಎಲ್ಲಿ ಅಂತ ಆ ಹೊತ್ತಿಗೆ ನನಗೇ ತಿಳಿಯುತ್ತಿರಲಿಲ್ಲ.

ಬಣ್ಣದಲ್ಲೇ ಸುದ್ದಿ ಹೇಳುವ ವಿಷಯದಲ್ಲಿ ರೈಲಿನವರು ನಮಗಿಂತ ಮುಂಚೆ ಏಟು ತಿಂದಿದ್ದಾರೆ. 19ನೇ ಶತಮಾನದಲ್ಲಿ ಕೆಂಪು ದೀಪ ಅಂದರೆ ನಿಲ್ಲು, ಹಸಿರು ಅಂದರೆ ಹುಷಾರು, ಬಿಳಿ ಅಂದರೆ ಹೊರಡು. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬಿಳಿಯಾಗೇ ಕಾಣುತ್ತದೆ. ‘ನಿಲ್ಲು’ ಒಡೆದರೆ ‘ಹೊರಡು’! ಕೊನೆಗೆ ಹಸಿರಿಗೇ ‘ಹೊರಡು’ ಅಂತ ಬಡ್ತಿ ಸಿಕ್ಕಿತು. 1875ರಲ್ಲಿ ಸ್ವೀಡನ್ನಿನ ಲಾಗರ್ಲುಂಡಾದಲ್ಲಿ ಎರಡು ರೈಲು ಎದುರುಬದುರಾಗಿ ಗುದ್ದಿದವು. ಸಿಬ್ಬಂದಿಗೆ ಬಣ್ಣಗುರುಡು ಇದ್ದಿರಬಹುದು ಅಂತ ಹೋಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞನಿಗೆ ಅನುಮಾನ ಬಂತು. ಬಣ್ಣಬಣ್ಣದ ಉಣ್ಣೆ ಎಳೆಗಳನ್ನು ಮುಂದಿಟ್ಟು, ಒಂದೇ ಥರದವನ್ನು ಆರಿಸಿ ಅಂತ ರೈಲ್ವೆ ನೌಕರರ ಪರೀಕ್ಷೆ ಶುರುಮಾಡಿದ. ನಮ್ಮ ಪ್ಯಾನೆಲ್ ಮಾಡಿದವರ ಮುಂದೆಯೂ ಒಂದು ಕಟ್ಟು ಉಣ್ಣೆ ಇಡುವ ಆಸೆ ನನಗೆ.

ನನ್ನ ಪಕ್ಕ ಕೂರುವ ಹುಡುಗನಿಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ. ಅವನು ಒಂದೊಂದು ಚುಕ್ಕೆಯ ಮೇಲೂ ಮೌಸ್ ಇಟ್ಟು, ಪುಟ್ಟ ಪೆಟ್ಟಿಗೆಯಲ್ಲಿ ಅಕ್ಷರ ಮೂಡುವವರೆಗೆ ಕಾಯುತ್ತಾನೆ. ಇನ್ನೂರು ಸಾಲು. ದಿನಾ. ಅವನು ಒಬ್ಬಂಟಿಯೂ ಅಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಈ ತೊಂದರೆ ಇದೆ. ಬಣ್ಣವೊಂದರಿಂದಲೇ ವಿಷಯ ಹೇಳಬೇಡಿ ಅಂತ, ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರಲಿ ಎಂದು ಮಾಡಿದ ಮಾರ್ಗಸೂಚಿಯ (WCAG) 2008ರ ಆವೃತ್ತಿಯಲ್ಲೇ ಬರೆದಿದೆ. ಚುಕ್ಕೆ ಇರಲಿ, ಯಾರು ಬೇಡ ಅಂದರು? ಪಕ್ಕದಲ್ಲಿ ಒಂದು ಪದ ಬರೀರಿ ಮಾರಾಯ್ರೇ. ಜಾಗ ಇಲ್ಲ ಅನ್ನಬೇಡಿ, ಅರ್ಧ ಪರದೆ ಸುಮ್ನೆ ಬೆಳ್ಳಗೆ ಬಿದ್ದಿದೆ. ಅಂದ ಕೆಡುತ್ತದೆ ಅಂದಿರಂತೆ. ಅವನ ಇಡೀ ದಿನ ಕೆಡುತ್ತಿದೆಯಲ್ಲ, ಅದು ಯಾರ ಲೆಕ್ಕಕ್ಕೆ?

ಈಗ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ಶೀರ್ಷಿಕೆಯಲ್ಲೇ ಮೊದಲು ‘ಕರಡು’ ಅಂತ ಟೈಪ್ ಮಾಡಿಬಿಡುತ್ತೇವೆ. ಮುಗಿದ ಮೇಲೆ ಅಳಿಸಬೇಕು ಅಂತ ಒಪ್ಪಂದ. ಹೋದ ವಾರದಿಂದ ನಮ್ಮ ಮುಖಪುಟದಲ್ಲಿ ‘ಕರಡು ಕರಡು ಇದೇ ಫೈನಲ್ ವಾರ್ಷಿಕ ವರದಿ’ ದಪ್ಪಕ್ಷರದಲ್ಲಿ ನಿಂತಿದೆ. ಒಳಗೆ ಅದರ ಮುಂದೆ ಹಸಿರು ಚುಕ್ಕೆ ಹೊಳೆಯುತ್ತಿದೆ.