ಕಾಗೆ ಕೂತಿದ್ದಕ್ಕೇ ಕೊಂಬೆ ಮುರಿಯಿತೇ?

2019ರ ಜುಲೈ 15ರಂದು ಚೀನಾ ಸರ್ಕಾರ ಆ ವರ್ಷದ ಎರಡನೇ ತ್ರೈಮಾಸಿಕದ ಲೆಕ್ಕ ಪ್ರಕಟಿಸಿತು. ಬೆಳವಣಿಗೆ ದರ ಶೇ 6.2. ಇಪ್ಪತ್ತೇಳು ವರ್ಷಗಳಲ್ಲೇ ಅತಿ ಕಡಿಮೆ. ಅದೇ ದಿನ ಡೊನಾಲ್ಡ್ ಟ್ರಂಪ್ ಟ್ವಿಟರ್‌ನಲ್ಲಿ ಸಂಭ್ರಮಿಸಿದರು. ಇದೆಲ್ಲ ನಮ್ಮ ಸುಂಕದ ಪ್ರತಾಪ, ಕಂಪನಿಗಳು ಚೀನಾ ಬಿಟ್ಟು ಹೊರಡುತ್ತಿವೆ ಎಂಬುದು ಅವರ ಮಾತಿನ ಧಾಟಿ. ಬೀಜಿಂಗ್‌ನ ಅಧಿಕಾರಿಗಳು ಅಷ್ಟು ನೇರವಾಗಿ ಹೇಳಲಿಲ್ಲವಾದರೂ ‘ಹೊರಗಿನ ಅನಿಶ್ಚಿತತೆ’ಯ ಕಡೆಗೆ ಬೆರಳು ತೋರಿಸಲು ಮರೆಯಲಿಲ್ಲ.

ಕಚ್ಚಾಡುವ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದರೆ ನನಗೆ ಮೊದಲು ಹುಟ್ಟುವುದು ಅನುಮಾನ. ಸುಂಕವೇ ಕಾರಣ ಎಂದರೆ ಒಬ್ಬರಿಗೆ ಗೆದ್ದ ಹೆಮ್ಮೆ, ಇನ್ನೊಬ್ಬರಿಗೆ ತಪ್ಪು ತಮ್ಮದಲ್ಲ ಎನ್ನುವ ನಿರಾಳ. ಇಬ್ಬರಿಗೂ ಇಷ್ಟು ಅನುಕೂಲವಾಗುವ ವಿವರಣೆ ನಿಜವೂ ಆಗಿಬಿಟ್ಟರೆ ಅದೊಂದು ಪವಾಡವೇ ಸರಿ. ಆರೇಳು ವರ್ಷ ಕಳೆದರೂ ಚೀನಾದ ನಿಧಾನಗತಿಯ ಮಾತು ಬಂದ ಕೂಡಲೇ ಇದೇ ಕಥೆ ಮತ್ತೆ ಮತ್ತೆ ಕೇಳಿಸುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇಲ್ಲಿ ಆಗಿರುವುದು ಅದೇ. ಕೊಂಬೆ ಒಳಗಿನಿಂದ ಟೊಳ್ಳಾಗುತ್ತಾ ಬಂದು ಬಹಳ ಕಾಲವಾಗಿತ್ತು.

ದಿನಾಂಕಗಳನ್ನೇ ನೋಡಿ. ಚೀನಾದ ಸರಕುಗಳ ಮೇಲೆ ಅಮೆರಿಕದ ಮೊದಲ ದೊಡ್ಡ ಸುಂಕ ಜಾರಿಗೆ ಬಂದದ್ದು 2018ರ ಜುಲೈ 6ರಂದು, ಅದೂ 3,400 ಕೋಟಿ ಡಾಲರ್ ಮೌಲ್ಯದ ಸರಕಿನ ಮೇಲೆ. 20,000 ಕೋಟಿ ಡಾಲರ್ ಸರಕಿಗೆ ಶೇ 10ರ ಸುಂಕ ಬಿದ್ದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಅದು ಶೇ 25ಕ್ಕೆ ಏರಿದ್ದು 2019ರ ಮೇ ತಿಂಗಳಲ್ಲಿ. ಈಗ ಚೀನಾದ ಒಳಗೆ ನಡೆದದ್ದನ್ನು ಇದರ ಪಕ್ಕದಲ್ಲಿಡಿ. ರಸ್ತೆ, ರೈಲು, ಸೇತುವೆಯಂತಹ ಮೂಲಸೌಕರ್ಯದ ಮೇಲಿನ ಹೂಡಿಕೆ 2017ರಲ್ಲಿ ಶೇ 19ರಷ್ಟು ಬೆಳೆದಿತ್ತು. 2018ರ ಮೊದಲ ಆರು ತಿಂಗಳಲ್ಲಿ, ಅಂದರೆ ಈ ದೊಡ್ಡ ಸುಂಕದ ಒಂದು ಡಾಲರ್ ಕೂಡ ವಸೂಲಾಗುವ ಮುನ್ನವೇ, ಆ ಬೆಳವಣಿಗೆ ಶೇ 7.3ಕ್ಕೆ ಕುಸಿದಿತ್ತು. ವರ್ಷದ ಕೊನೆಗೆ ಶೇ 3.8. ಸೇತುವೆಗಳನ್ನು ಯಾರೂ ಕಂಟೇನರಿನಲ್ಲಿ ತುಂಬಿ ಕ್ಯಾಲಿಫೋರ್ನಿಯಾಕ್ಕೆ ಕಳಿಸುವುದಿಲ್ಲ. ಅದಕ್ಕೂ ಸುಂಕಕ್ಕೂ ಸಂಬಂಧ ಕಲ್ಪಿಸುವವರು ಇದ್ದರೆ ದಯವಿಟ್ಟು ವಿವರಿಸಲಿ.

ಹಾಗಾದರೆ ಸೇತುವೆಗಳನ್ನು ನಿಲ್ಲಿಸಿದವರು ಯಾರು? ಬೀಜಿಂಗ್ ತಾನೇ. 2008ರ ಜಾಗತಿಕ ಬಿಕ್ಕಟ್ಟಿನ ಹೊತ್ತಿನಲ್ಲಿ ಚೀನಾ 4 ಲಕ್ಷ ಕೋಟಿ ಯುವಾನ್‌ಗಳ ಉತ್ತೇಜನ ಪ್ಯಾಕೇಜ್ ಘೋಷಿಸಿತು. ಜಗತ್ತೇ ಆಗ ಚಪ್ಪಾಳೆ ತಟ್ಟಿತು. ಆದರೆ ಆ ಹಣದ ಬಹುಪಾಲು ಖಜಾನೆಯಿಂದ ಬಂದದ್ದಲ್ಲ. ಸ್ಥಳೀಯ ಸರ್ಕಾರಗಳು ತಾವೇ ಕಂಪನಿಗಳನ್ನು ಕಟ್ಟಿಕೊಂಡು ಬ್ಯಾಂಕುಗಳಿಂದ ಎತ್ತಿದ ಸಾಲ. ಬ್ಯಾಂಕು ಕೊಡದಿದ್ದಾಗ ಬ್ಯಾಂಕಿನ ಲೆಕ್ಕಪುಸ್ತಕಕ್ಕೆ ಕಾಣದ ಹಿಂಬಾಗಿಲಿನ ಸಾಲ. 2008ರಲ್ಲಿ ಜಿಡಿಪಿಯ ಸುಮಾರು ಶೇ 140ರಷ್ಟಿದ್ದ ಒಟ್ಟು ಸಾಲ ಹತ್ತೇ ವರ್ಷಗಳಲ್ಲಿ ಶೇ 250ರ ಆಸುಪಾಸಿಗೆ ಬಂತು. ಇದು ಹೀಗೇ ಮುಂದುವರಿದರೆ ಕೈಮೀರುತ್ತದೆ ಎಂದು ಹೆದರಿದ ಸರ್ಕಾರ 2017ರಿಂದ ಸಾಲದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡತೊಡಗಿತು. 2018ರ ಏಪ್ರಿಲ್‌ನಲ್ಲಿ ಹಿಂಬಾಗಿಲಿನ ಸಾಲಗಳ ಮೇಲೆ ಬಿಗಿ ನಿಯಮಗಳು ಬಂದವು. ಅದೇ ಬೇಸಿಗೆಯಲ್ಲಿ ಆನ್‌ಲೈನ್ ಸಾಲದ ವೇದಿಕೆಗಳು ಒಂದರ ಹಿಂದೆ ಒಂದರಂತೆ ಮುಳುಗಿದವು. ಉಳಿತಾಯ ಕಳೆದುಕೊಂಡ ಸಾಮಾನ್ಯ ಜನ ಪ್ರತಿಭಟನೆಗೆ ಬೀಜಿಂಗಿಗೇ ಬಂದರು.

ಇದನ್ನು ನಾನು ಬೀಜಿಂಗ್‌ನ ಮೂರ್ಖತನ ಎನ್ನುತ್ತಿಲ್ಲ. ಮಾಡಲೇಬೇಕಾದ ಕೆಲಸವಾಗಿತ್ತು. ಏಟು ಬಿದ್ದದ್ದು ಮಾತ್ರ ತಪ್ಪು ಜಾಗಕ್ಕೆ. ಸರ್ಕಾರಿ ಕಂಪನಿಗಳಿಗೆ ಬ್ಯಾಂಕಿನ ಮುಂಬಾಗಿಲು ತೆರೆದೇ ಇರುತ್ತದೆ. ಹಿಂಬಾಗಿಲನ್ನೇ ನೆಚ್ಚಿಕೊಂಡಿದ್ದವರು ಖಾಸಗಿ ಉದ್ಯಮಿಗಳು. ಆಗಿನ ಉಪಪ್ರಧಾನಿ ಲಿಯು ಹೆ ಅವರೇ ಒಪ್ಪಿಕೊಂಡಂತೆ ಆ ದೇಶದ ಜಿಡಿಪಿಯಲ್ಲಿ ಶೇ 60ಕ್ಕೂ ಹೆಚ್ಚು ಪಾಲು, ನಗರದ ಉದ್ಯೋಗದಲ್ಲಿ ಶೇ 80ರಷ್ಟು ಪಾಲು ಖಾಸಗಿ ವಲಯದ್ದು. ನಲ್ಲಿ ತಿರುಗಿಸಿದಾಗ ಬಾಯಾರಿದವರು ಇವರೇ. 2018ರ ನವೆಂಬರ್ 1ರಂದು ಷಿ ಜಿನ್‌ಪಿಂಗ್ ಖಾಸಗಿ ಉದ್ಯಮಿಗಳನ್ನು ಕರೆದು ಕೂರಿಸಿಕೊಂಡು, ನೀವು ನಮ್ಮವರೇ ಎಂದು ಸಮಾಧಾನ ಹೇಳಬೇಕಾಯಿತು. ಅಂಥ ಸಮಾಧಾನ ಬೇಕಾಗುವಷ್ಟು ಅವರು ಕಂಗೆಟ್ಟಿದ್ದರು.

ಕಾರುಗಳ ಕಥೆಯೂ ಇದೇ. 2018ರಲ್ಲಿ ಚೀನಾದಲ್ಲಿ ಕಾರು ಮಾರಾಟ 1990ರ ದಶಕದ ನಂತರ ಮೊದಲ ಬಾರಿಗೆ ಇಳಿಯಿತು. ‘ಟ್ರೇಡ್ ವಾರ್’ ಎಂಬ ಶೀರ್ಷಿಕೆಯಡಿ ಸುದ್ದಿಯಾಯಿತು. ಆದರೆ ಸಣ್ಣ ಎಂಜಿನ್‌ನ ಕಾರುಗಳ ಖರೀದಿ ತೆರಿಗೆಯನ್ನು ಸರ್ಕಾರ 2015ರ ಕೊನೆಯಲ್ಲಿ ಶೇ 10ರಿಂದ 5ಕ್ಕೆ ಇಳಿಸಿತ್ತು, 2017ರಲ್ಲಿ ಶೇ 7.5 ಮಾಡಿತ್ತು, 2018ರ ಜನವರಿಯಲ್ಲಿ ಮತ್ತೆ ಶೇ 10ಕ್ಕೆ ತಂದಿತ್ತು. ರಿಯಾಯಿತಿ ಇದ್ದಾಗ ಕೊಳ್ಳಬೇಕಾದವರೆಲ್ಲ ಕೊಂಡು ಮುಗಿಸಿದ್ದರು.

ಇನ್ನು ರಫ್ತಿನ ಲೆಕ್ಕ. 2018ರಲ್ಲಿ ಅಮೆರಿಕ ಚೀನಾದಿಂದ ತರಿಸಿಕೊಂಡ ಸರಕು ಸುಮಾರು 53,900 ಕೋಟಿ ಡಾಲರ್. ಚೀನಾದ ಜಿಡಿಪಿ ಆಗ ಹದಿಮೂರು ಲಕ್ಷ ಕೋಟಿ ಡಾಲರ್‌ಗೂ ಮೇಲೆ. ನೂರಕ್ಕೆ ಹೆಚ್ಚೆಂದರೆ ನಾಲ್ಕು. ಅದರಲ್ಲೂ ಹೊರಗಿನ ಬಿಡಿಭಾಗಗಳನ್ನು ಜೋಡಿಸಿ ಕಳಿಸಿದ ಫೋನುಗಳ ಪೂರ್ತಿ ಬೆಲೆ ಸೇರಿದೆ. ಸುಂಕ ಶುರುವಾದ ಆ ವರ್ಷ ಚೀನಾದ ಒಟ್ಟು ರಫ್ತು ಇಳಿಯಲಿಲ್ಲ, ಶೇ 10ರ ಹತ್ತಿರ ಏರಿತು. ಸುಂಕ ಇನ್ನೂ ಹೆಚ್ಚುವ ಮೊದಲೇ ಸರಕು ತರಿಸಿಕೊಳ್ಳೋಣ ಎಂದು ಅಮೆರಿಕದ ವರ್ತಕರು ಅವಸರಪಟ್ಟದ್ದೂ ಅದಕ್ಕೆ ಒಂದು ಕಾರಣ. ಮುಂದಿನ ವರ್ಷ ಅಮೆರಿಕಕ್ಕೆ ಹೋಗುವ ರಫ್ತು ಶೇ 12.5ರಷ್ಟು ಬಿತ್ತು ನಿಜ. ಒಟ್ಟು ರಫ್ತು ಬೀಳಲಿಲ್ಲ, ಶೇ 0.5ರಷ್ಟು ಏರಿತು. ಇಳಿದದ್ದು ಆಮದು. ಇದರಿಂದಾಗಿ ವ್ಯಾಪಾರ ಸಮರದ ಉತ್ತುಂಗದ ವರ್ಷದಲ್ಲಿ ಚೀನಾದ ವ್ಯಾಪಾರ ಮಿಗತೆ, ಅಂದರೆ ಆಮದನ್ನು ಮೀರಿದ ರಫ್ತು, 35,000 ಕೋಟಿಯಿಂದ 42,000 ಕೋಟಿ ಡಾಲರ್‌ನ ಆಸುಪಾಸಿಗೆ ಏರಿತು! ಒಂದು ದೇಶದ ಆಮದು ಹೀಗೆ ಇಳಿಯುತ್ತದೆ ಎಂದರೆ ಅದರ ಜನ ಮತ್ತು ಕಾರ್ಖಾನೆಗಳು ಕೊಳ್ಳುವುದನ್ನು ಕಡಿಮೆ ಮಾಡಿವೆ ಎಂದೇ ಅರ್ಥ. ರೋಗ ಇದ್ದದ್ದು ಬಂದರಿನಲ್ಲಲ್ಲ, ಒಳನಾಡಿನಲ್ಲಿ.

ಸುಂಕದಿಂದ ಏನೂ ಆಗಲಿಲ್ಲ ಎಂಬ ವಾದ ನನ್ನದಲ್ಲ. ಎದುರು ಪಕ್ಷದವರ ಬಲವಾದ ವಾದ ರಫ್ತಿನದ್ದಲ್ಲ, ಧೈರ್ಯದ್ದು. ನಾಳೆ ಯಾವ ಸುಂಕ ಬೀಳುತ್ತದೋ ಗೊತ್ತಿಲ್ಲದಿರುವಾಗ ಹೊಸ ಕಾರ್ಖಾನೆಗೆ ಅಡಿಗಲ್ಲು ಹಾಕುವವರು ಯಾರು? 2018ರಲ್ಲಿ ಶಾಂಘೈ ಷೇರು ಸೂಚ್ಯಂಕ ಕಾಲು ಭಾಗದಷ್ಟು ಕುಸಿದದ್ದರಲ್ಲಿ ಈ ಭಯದ ಪಾಲು ಖಂಡಿತ ಇತ್ತು. 2019ರ ಜನವರಿಯಲ್ಲಿ ಆ್ಯಪಲ್ ತನ್ನ ಆದಾಯದ ಅಂದಾಜನ್ನು ತಗ್ಗಿಸಿದಾಗ ಟಿಮ್ ಕುಕ್ ಚೀನಾದ ಮಂದಗತಿಯ ಜೊತೆಗೆ ವ್ಯಾಪಾರ ಬಿಕ್ಕಟ್ಟನ್ನೂ ಹೆಸರಿಸಿದರು. ಜೋಡಣೆ ಘಟಕಗಳು ವಿಯೆಟ್ನಾಂ ಕಡೆ ಹೊರಟವು. 2019ರ ಮೇ ತಿಂಗಳಲ್ಲಿ ಚೀನಾದ ದೂರಸಂಪರ್ಕ ಕಂಪನಿ ಹುವಾವೇ ಮೇಲೆ ಬಿದ್ದ ಅಮೆರಿಕದ ನಿರ್ಬಂಧವಂತೂ ಯಾವ ಸುಂಕಕ್ಕಿಂತಲೂ ಆಳವಾದ ಪೆಟ್ಟು. ಅದರ ಲೆಕ್ಕ ತ್ರೈಮಾಸಿಕದ ಜಿಡಿಪಿಯಲ್ಲಿ ಕಾಣುವಂಥದ್ದಲ್ಲ. ಇಷ್ಟೆಲ್ಲ ಒಪ್ಪಿದ ಮೇಲೂ, ಮೊದಲೇ ಬಳಲಿದ್ದವನಿಗೆ ಬಿದ್ದ ಪೆಟ್ಟನ್ನು ಬಳಲಿಕೆಯ ಕಾರಣ ಎನ್ನಲು ನಾನು ತಯಾರಿಲ್ಲ. 2007ರಲ್ಲಿ ಶೇ 14ರಷ್ಟಿದ್ದ ಬೆಳವಣಿಗೆ 2012ರ ಹೊತ್ತಿಗೆ ಶೇ 8ಕ್ಕೂ ಕೆಳಗೆ ಬಂದಿತ್ತು. ದುಡಿಯುವ ವಯಸ್ಸಿನವರ ಸಂಖ್ಯೆ ಇಳಿಯತೊಡಗಿದ್ದೂ 2012ರಲ್ಲೇ. ಟ್ರಂಪ್ ಆಗ ಟಿ.ವಿ. ಕಾರ್ಯಕ್ರಮ ನಡೆಸುತ್ತಿದ್ದರು.

(ಚೀನಾದ ಅಂಕಿಗಳನ್ನೇ ನಂಬಬಹುದೇ ಎಂದು ಕೇಳುವವರಿಗೆ: ಪ್ರಧಾನಿಯಾಗುವ ಮೊದಲು ಲಿಯಾವೊನಿಂಗ್ ಪ್ರಾಂತ್ಯದಲ್ಲಿದ್ದ ಲಿ ಕೆಚಿಯಾಂಗ್ ಅವರೇ ಜಿಡಿಪಿ ಅಂಕಿಯನ್ನು ಬದಿಗಿಟ್ಟು ವಿದ್ಯುತ್ ಬಳಕೆ, ರೈಲಿನ ಸರಕು ಮತ್ತು ಬ್ಯಾಂಕ್ ಸಾಲ ನೋಡುತ್ತೇನೆ ಎಂದು ಅಮೆರಿಕದ ರಾಯಭಾರಿಯ ಬಳಿ ಹೇಳಿದ್ದು ಸೋರಿಕೆಯಾಗಿ ಎಲ್ಲರಿಗೂ ತಿಳಿದಿದೆ. ದರದ ದಶಾಂಶಗಳನ್ನು ನಾನೂ ನಂಬುವುದಿಲ್ಲ. ದಿಕ್ಕನ್ನು ನಂಬುತ್ತೇನೆ.)

ನನ್ನ ತಕರಾರು ಇನ್ನೂ ಒಂದು ಹೆಜ್ಜೆ ಮುಂದಿದೆ. ವ್ಯಾಪಾರ ಜಗಳದಿಂದ ನಿಧಾನಗತಿ ಬಂತು ಎನ್ನುವವರು ಕಾರಣ ಮತ್ತು ಪರಿಣಾಮವನ್ನು ಅದಲುಬದಲು ಮಾಡಿದ್ದಾರೆ. ಬಹುಪಾಲು ಸಲ ನಡೆಯುವುದು ತಿರುವುಮುರುವು: ಮೊದಲು ಒಳಗೆ ನಿಧಾನವಾಗುತ್ತದೆ, ಆಮೇಲೆ ಹೊರಗೆ ಜಗಳ ಹುಟ್ಟುತ್ತದೆ. ಉಕ್ಕನ್ನೇ ನೋಡಿ. 2014–15ರಲ್ಲಿ ಚೀನಾದ ಮನೆ ನಿರ್ಮಾಣ ಕುಂಟಿತು. ಕಟ್ಟಡಗಳಿಗೆ ಬೇಡವಾದ ಉಕ್ಕು ಹಡಗು ಹತ್ತಿತು. 2015ರಲ್ಲಿ ರಫ್ತಾದದ್ದು ಸುಮಾರು 11.2 ಕೋಟಿ ಟನ್. ಮರುವರ್ಷವೇ ಅಮೆರಿಕ ಒಂದು ಬಗೆಯ ಚೀನೀ ಉಕ್ಕಿನ ಮೇಲೆ ಶೇ 500 ದಾಟುವ ಸುಂಕ ಹೇರಿತು. ಆಗ ಶ್ವೇತಭವನದಲ್ಲಿದ್ದವರು ಒಬಾಮ ಎಂಬುದನ್ನು ಅನೇಕರು ಮರೆತಿದ್ದಾರೆ.

ಅದೇ ಪ್ರಸಂಗ ಇನ್ನೂ ದೊಡ್ಡ ರಂಗದಲ್ಲಿ ಮರುಕಳಿಸಿತು. 2020ರ ಆಗಸ್ಟ್‌ನಲ್ಲಿ ಬೀಜಿಂಗ್ ಬಿಲ್ಡರ್‌ಗಳ ಸಾಲಕ್ಕೆ ಮಿತಿಯಾಗಿ ‘ಮೂರು ಕೆಂಪು ಗೆರೆ’ಗಳನ್ನು ಎಳೆಯಿತು. 2021ರ ಕೊನೆಗೆ 30,000 ಕೋಟಿ ಡಾಲರ್‌ಗೂ ಹೆಚ್ಚು ಹೊಣೆ ಹೊತ್ತಿದ್ದ ಬಿಲ್ಡರ್ ಕಂಪನಿ ಎವರ್‌ಗ್ರ್ಯಾಂಡ್ ಸಾಲ ತೀರಿಸಲಾಗದೆ ಕೈಚೆಲ್ಲಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ದೇಶದಲ್ಲಿ 2021ರಲ್ಲಿ ಸುಮಾರು 179 ಕೋಟಿ ಚದರ ಮೀಟರ್ ಹೊಸ ಕಟ್ಟಡಗಳು ಮಾರಾಟವಾಗಿದ್ದವು, 2024ರಲ್ಲಿ 97 ಕೋಟಿ. ಜಮೀನಿನ ಹಕ್ಕು ಮಾರಿ ಬದುಕುತ್ತಿದ್ದ ಸ್ಥಳೀಯ ಸರ್ಕಾರಗಳ ಆ ಆದಾಯ 8.7 ಲಕ್ಷ ಕೋಟಿ ಯುವಾನ್‌ನಿಂದ 5 ಲಕ್ಷ ಕೋಟಿಗೂ ಕೆಳಗೆ ಇಳಿಯಿತು. ಮನೆಯೇ ಉಳಿತಾಯವಾಗಿದ್ದ ಕುಟುಂಬಗಳು ಖರ್ಚಿಗೆ ಕೈಕಟ್ಟಿ ಕುಳಿತವು. ಇಷ್ಟು ದೊಡ್ಡ ಗುಂಡಿ ತೋಡಿದ್ದು ಸುಂಕವಲ್ಲ.

ಸರ್ಕಾರ ಸಾಲದ ಹರಿವನ್ನು ಮನೆಗಳಿಂದ ತಪ್ಪಿಸಿ ಕಾರ್ಖಾನೆಗಳ ಕಡೆಗೆ ತಿರುಗಿಸಿತು: ವಿದ್ಯುತ್ ಕಾರು, ಬ್ಯಾಟರಿ, ಸೌರಫಲಕ. ತಯಾರಾದದ್ದನ್ನು ಒಳಗೆ ಕೊಳ್ಳುವವರು ಸಾಲದು. ಹೀಗಾಗಿ 2024ರಲ್ಲಿ ಉಕ್ಕಿನ ರಫ್ತು ಮತ್ತೆ 11 ಕೋಟಿ ಟನ್ ದಾಟಿತು, ವ್ಯಾಪಾರ ಮಿಗತೆ 99,000 ಕೋಟಿ ಡಾಲರ್ ಮೀರಿತು. ಆಗ ಸುಂಕ ಹಾಕಿದವರು ಅಮೆರಿಕದವರು ಮಾತ್ರವೇ? ಟರ್ಕಿ ಚೀನೀ ಕಾರುಗಳ ಮೇಲೆ ಶೇ 40ರಷ್ಟು ಹೆಚ್ಚುವರಿ ಸುಂಕ ಹೇರಿತು. ಐರೋಪ್ಯ ಒಕ್ಕೂಟ ವಿದ್ಯುತ್ ಕಾರುಗಳಿಗೆ ಶೇ 35.3ರವರೆಗೆ ಹೆಚ್ಚುವರಿ ಸುಂಕ ಹಾಕಿತು. ಬ್ರೆಜಿಲ್ ಉಕ್ಕಿಗೆ ಕೋಟಾ ತಂದಿತು. 2025ರ ಏಪ್ರಿಲ್‌ನಲ್ಲಿ ಭಾರತ ಕೂಡ ಕೆಲವು ಬಗೆಯ ಉಕ್ಕಿನ ಆಮದಿಗೆ ಶೇ 12ರ ರಕ್ಷಣಾ ಸುಂಕ ವಿಧಿಸಿತು. ಇವರೆಲ್ಲ ಟ್ರಂಪ್ ಶಿಷ್ಯರಲ್ಲ.

ಅದೇ ಏಪ್ರಿಲ್‌ನಲ್ಲಿ ಅಮೆರಿಕದ ಸುಂಕ ಶೇ 145ಕ್ಕೂ ಚೀನಾದ ಪ್ರತಿಸುಂಕ ಶೇ 125ಕ್ಕೂ ಏರಿ, ಮೇ ತಿಂಗಳಲ್ಲಿ ಜಿನೀವಾದಲ್ಲಿ ಇಬ್ಬರೂ ಕೆಳಗಿಳಿದದ್ದು ನೆನಪಿರಬಹುದು. ಚೀನಾ ಈಗ ಮುಗಿಯಿತು ಎಂದವರೆಷ್ಟು ಮಂದಿ! ಆ ವರ್ಷದ ಮೊದಲ ಹನ್ನೊಂದು ತಿಂಗಳಲ್ಲೇ ಅದರ ಮಿಗತೆ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಸುಂಕವೇ ನಿಧಾನಗತಿಯ ಮೂಲವಾಗಿದ್ದರೆ ರಫ್ತು ಬಿದ್ದು ಒಳಮಾರುಕಟ್ಟೆ ಗಟ್ಟಿಯಾಗಿ ನಿಲ್ಲಬೇಕಿತ್ತು. ನಡೆದದ್ದು ಇದರ ವಿರುದ್ಧ.

ಹಾಗಿದ್ದರೆ ಜನರ ಕೈಗೆ ಹಣ ಕೊಟ್ಟು ಖರ್ಚು ಮಾಡಿಸಬಾರದೇ? ಚೀನಾದ ಅರ್ಥಶಾಸ್ತ್ರಜ್ಞರೇ ವರ್ಷಗಳಿಂದ ಇದನ್ನು ಹೇಳುತ್ತಿದ್ದಾರೆ. ಅಲ್ಲಿ ಕುಟುಂಬಗಳ ಖರ್ಚು ಜಿಡಿಪಿಯ ಶೇ 40ಕ್ಕಿಂತ ಕಡಿಮೆ. ಅಮೆರಿಕದಲ್ಲಿ ಶೇ 68ರ ಸುತ್ತಮುತ್ತ. ಚೀನೀಯರು ಸ್ವಭಾವತಃ ಜಿಪುಣರು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಕಾಯಿಲೆಗೂ ಮುಪ್ಪಿಗೂ ತಾವೇ ಹಣ ಕೂಡಿಡಬೇಕಾದವರು ಎಲ್ಲೇ ಇದ್ದರೂ ಹಾಗೆಯೇ ಬದುಕುತ್ತಾರೆ. ಹಳ್ಳಿಯಿಂದ ಬಂದ ಕೋಟ್ಯಂತರ ಕಾರ್ಮಿಕರಿಗೆ ತಾವು ದುಡಿಯುವ ನಗರದ ಶಾಲೆ, ಆಸ್ಪತ್ರೆಗಳಲ್ಲಿ ಪೂರ್ತಿ ಹಕ್ಕಿಲ್ಲ. ಅವರ ನೋಂದಣಿ ಊರಿನಲ್ಲೇ ಉಳಿದಿದೆ. ಆ ಊರಿನ ಮುದುಕರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಮಾಸಿಕ ಪಿಂಚಣಿ 2023ರಲ್ಲಿ 103 ಯುವಾನ್ ಇತ್ತು. ಮನೆ ಮಾರುಕಟ್ಟೆ ಕುಸಿದು, ಜನ ಖರ್ಚು ಮಾಡುತ್ತಿಲ್ಲ ಎಂದು ಬೀಜಿಂಗ್ ತಲೆ ಕೆಡಿಸಿಕೊಂಡಿದ್ದ 2024ರಲ್ಲಿ ಅದನ್ನು 123 ಯುವಾನ್‌ಗೆ ಏರಿಸಲಾಯಿತು, 2025ರಲ್ಲಿ 143ಕ್ಕೆ. ವರ್ಷಕ್ಕೆ ಇಪ್ಪತ್ತು ಯುವಾನ್ ಏರಿಕೆ. ಇದನ್ನು ನಿರ್ಧರಿಸಿದ್ದು ವಾಷಿಂಗ್ಟನ್ ಅಲ್ಲ.