ರೇಪಿಯರ್ ಪ್ರತಿದಾಳಿಗೆ ಉದ್ದ ಅಲಗೇ ಬೇಕೆ?

ಪರ: ಮೊನೆ ಮೊದಲು ತಲುಪಬೇಕು

ರೇಪಿಯರ್ ಎಂದರೆ ಮುಖ್ಯವಾಗಿ ಇರಿಯಲು ಮಾಡಿದ ಉದ್ದನೆಯ, ಸಪೂರ ಕತ್ತಿ. ಎದುರಾಳಿಯ ಇರಿತವನ್ನು ತಡೆದು, ಆಮೇಲೆ ತಿರುಗಿ ಇರಿಯುವುದು ಒಂದು ಬಗೆ. ಅವನ ಇರಿತ ಮುಗಿಯುವ ಮೊದಲೇ ನಮ್ಮ ಮೊನೆ ಅವನ ಮೈ ಸೇರುವುದು ಇನ್ನೊಂದು ಬಗೆ; ಪ್ರತಿದಾಳಿ ಎನ್ನುವುದು ಈ ಎರಡನೆಯದನ್ನು. ಇಲ್ಲಿ ಸೆಂಟಿಮೀಟರೇ ಸಮಯ.

ಲೆಕ್ಕ ಹಾಕೋಣ. ಇಬ್ಬರ ತೋಳೂ 60 ಸೆಂ.ಮೀ., ನಿಮ್ಮ ಅಲಗು 112, ಅವನದು 100. ಅವನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಲಂಜ್ ಹಾಕಿ, ಅಂದರೆ ಮುಂಗಾಲನ್ನು ದೂರಕ್ಕೆ ಚಾಚಿಟ್ಟು, ನುಗ್ಗುತ್ತಾನೆ ಎಂದುಕೊಳ್ಳಿ. ನೀವು ನಿಂತಲ್ಲೇ ತೋಳು ಚಾಚಿದರೆ ನಿಮ್ಮ ಮೊನೆ ಅವನ ಎದೆಗೆ ತಾಗಿದಾಗ ಅವನ ಮೊನೆ ನಿಮ್ಮ ಎದೆಗೆ 12 ಸೆಂ.ಮೀ. ದೂರದಲ್ಲಿರುತ್ತದೆ. ಅಷ್ಟು ದಾಟಲು ಅವನಿಗೆ 40 ಮಿಲಿಸೆಕೆಂಡ್ ಬೇಕು. ಇದು ಇಕ್ಕಟ್ಟಿನ ಗೆಲುವು ಎನ್ನುವುದು ನಿಜ. ಆದರೆ ಎದೆಗೇ ಏಕೆ ಇರಿಯಬೇಕು? ಮೊಣಕೈ ಮಡಿಕೆಯ ಬಳಿ ಇರಿಯಿರಿ. ಆ ಜಾಗ ಎದೆಗಿಂತ ಸುಮಾರು 30 ಸೆಂ.ಮೀ. ಮುಂದಿದೆ. ಈಗ ಅವನ ಮೊನೆಗೆ ಉಳಿದ ದೂರ 42 ಸೆಂ.ಮೀ.; ಅದೇ ವೇಗದಲ್ಲಿ 140 ಮಿಲಿಸೆಕೆಂಡ್. ಒಂದು ಹೆಜ್ಜೆ ಹಿಂದಿಡಲು ಆರಂಭಿಸುವಷ್ಟು ಬಿಡುವು ಸಿಕ್ಕಿತು.

ಮಾಡುವ ಕ್ರಮ ಹೀಗೆ. ಅವನು ಹೊರಬದಿಯಿಂದ ನಿಮ್ಮ ಅಲಗನ್ನು ಒತ್ತುತ್ತ ಹೆಜ್ಜೆ ಎತ್ತುತ್ತಾನೆ. ಆ ಕಾಲು ನೆಲ ಮುಟ್ಟುವ ಮೊದಲೇ, ಬೆರಳುಗಳಿಂದಲೇ, ಮೊನೆಯನ್ನು ಅವನ ಗಾರ್ಡಿನ (ಹಿಡಿಯ ಮುಂದೆ ಕೈ ಕಾಯುವ ಮರೆಯ) ಕೆಳಗೆ ನುಸುಳಿಸಿ ಒಳಬದಿಗೆ ತನ್ನಿ. ಇಟಾಲಿಯನ್ನರು ಇದನ್ನು ಕವಾತ್ಸಿಯೋನೆ ಎನ್ನುತ್ತಾರೆ. ಅಂಗೈ ಮೇಲೆ ಮಾಡಿ ತೋಳು ಚಾಚಿ. ಮೊನೆ ಹೊರಟ ಮೇಲಷ್ಟೇ ಹಿಂಗಾಲು ಹಿಂದಕ್ಕೆ, ಅದರ ಬೆನ್ನಿಗೆ ಮುಂಗಾಲು. ಕಲಿಯುವವರು ಎಡವುವುದು ಇಲ್ಲೇ: ಹೆದರಿ ಕಾಲನ್ನು ಮೊದಲು ಎಳೆದುಕೊಳ್ಳುತ್ತಾರೆ, ಅಲಗಿನಿಂದ ಗಳಿಸಿದ ದೂರವನ್ನು ಕಾಲಿನಿಂದ ಕಳೆಯುತ್ತಾರೆ.

1610ರಲ್ಲಿ ಬರೆದ ಇಟಾಲಿಯನ್ ಕತ್ತಿ ಗುರು ಕಾಪೊ ಫೆರ್ರೊ ಕತ್ತಿ ತೋಳಿನ ಎರಡರಷ್ಟು ಉದ್ದವಿರಲಿ ಎಂದದ್ದು ಅಂದಕ್ಕಲ್ಲ. 1562ರಲ್ಲಿ ಎಲಿಜಬೆತ್ ರಾಣಿಯ ಆಜ್ಞೆ ಇಂಗ್ಲೆಂಡಿನಲ್ಲಿ ಅಲಗನ್ನು ನಲವತ್ತೂವರೆ ಇಂಚಿಗೆ, ಅಂದರೆ ಸುಮಾರು 103 ಸೆಂ.ಮೀ.ಗೆ ಕಟ್ಟಿಹಾಕಿತು. ಲಾಭವಿಲ್ಲದ ಉದ್ದಕ್ಕೆ ಯಾವ ಸರ್ಕಾರವೂ ಕಡಿವಾಣ ಹಾಕಲು ಹೋಗುವುದಿಲ್ಲ. ಇಂದಿನ ಕತ್ತಿವರಸೆ ಕ್ರೀಡೆಯ ಒಂದು ಕತ್ತಿಯಾದ ಎಪೇಯಲ್ಲಿ ಅಲಗು 90 ಸೆಂ.ಮೀ. ಮೀರುವಂತಿಲ್ಲ. ಆದರೂ ಆಟಗಾರರು ಬಿಟ್ಟಿದ್ದಾರೆಯೇ? ನೇರವಾದ ಫ್ರೆಂಚ್ ಹಿಡಿಯ ಕಟ್ಟಕಡೆಯ ಗುಂಡನ್ನು, ಅಂದರೆ ಪಾಮೆಲನ್ನು ಹಿಡಿದು, ನಾಲ್ಕಾರು ಸೆಂಟಿಮೀಟರ್ ಕದ್ದು, ಮುಂಗೈಗೆ ಚುಚ್ಚುತ್ತಾರೆ.

ವಿರೋಧ: ತಲುಪಿದ ಮೇಲೇನು?

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ. ಬಿಟ್ಟುಹೋಗಿರುವುದು ಎದುರಾಳಿಯ ಮೈಭಾರ. ಚುಚ್ಚಿದ್ದನ್ನು ದೀಪ ಹೊತ್ತಿಸಿ ತೋರಿಸುವ ಎಪೇಯ ಯಂತ್ರದ ಕಣ್ಣಿಗೆ 40 ಮಿಲಿಸೆಕೆಂಡ್ ದೊಡ್ಡದು: ಇಬ್ಬರ ಚುಚ್ಚುವಿಕೆಯ ನಡುವಿನ ಅಂತರ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ದೀಪ, 50 ದಾಟಿದರೆ ಮೊದಲು ಚುಚ್ಚಿದವನಿಗೆ ಮಾತ್ರ. ಹರಿತವಾದ ಕತ್ತಿಗೆ ದೀಪವಿಲ್ಲ. ಲಂಜ್‌ನಲ್ಲಿ ಅರ್ಧ ದಾರಿ ಬಂದವನು ಎದೆಗೆ ಮೊನೆ ಹೊಕ್ಕರೂ ನಿಲ್ಲಲಾರ. ಉಳಿದ 12 ಸೆಂ.ಮೀ.ಯನ್ನು ಅವನ ವೇಗವೇ ದಾಟಿಸುತ್ತದೆ. ಮೊಣಕೈಗೆ ಇರಿಯಿರಿ ಎನ್ನುವುದು ಸರಿ, ಆದರೆ ಅದು ಅಂಗೈಯಗಲದ, ಓಡುತ್ತಿರುವ ಗುರಿ. ತಪ್ಪಿದರೆ ಮೊನೆ ತೋಳಿನ ಪಕ್ಕ ಜಾರಿ ಹೋಗುತ್ತದೆ, ಅವನ ಅಲಗಿಗೆ ಅಡ್ಡ ಏನೂ ಇರುವುದಿಲ್ಲ.

ಕಾಯುವುದು ಮೊನೆಯಲ್ಲ, ಗಾರ್ಡಿನ ಹತ್ತಿರದ ಗಟ್ಟಿ ಭಾಗ. ಇರಿಯುವಾಗಲೇ ಅವನ ಅಲಗಿನ ತುದಿಯ ಮೂರನೇ ಒಂದು ಪಾಲು ನಿಮ್ಮ ಅಲಗಿನ ಬುಡದ 20–25 ಸೆಂ.ಮೀ. ಒಳಗೆ ಸಿಕ್ಕಿಬೀಳಬೇಕು. ಇದಕ್ಕೆ ಕೈ ಅವನ ಅಲಗಿನ ಕಡೆಗೆ ಒಂದು ಗೇಣಿಗಿಂತ ಕಡಿಮೆಯೇ ಸರಿಯಬೇಕು. ಹೆಚ್ಚಾದರೆ ಇನ್ನೊಂದು ಬದಿ ಬಯಲು. ಅಲಗು 95 ಇದ್ದರೂ 112 ಇದ್ದರೂ ಈ ಕೆಲಸ ಕೈಯದೇ.

ಇನ್ನು ಮೇಲೆ ಹೇಳಿದ ಬೆರಳಿನ ಕವಾತ್ಸಿಯೋನೆ. ಒಂದೇ ದಪ್ಪದ ನೇರ ಸರಳು 100ರಿಂದ 112 ಸೆಂ.ಮೀ.ಗೆ ಬೆಳೆದರೆ, ಅದನ್ನು ತುದಿ ಹಿಡಿದು ತಿರುಗಿಸಲು ಎದುರಾಗುವ ಜಡತ್ವ ಸುಮಾರು ಶೇ. 40ರಷ್ಟು ಏರುತ್ತದೆ, ಏಕೆಂದರೆ ಅದು ಉದ್ದದ ಘನದಂತೆ ಬೆಳೆಯುತ್ತದೆ. ಕತ್ತಿಯ ಅಲಗು ತುದಿಗೆ ಸಪೂರವಾಗುವುದರಿಂದ ಏರಿಕೆ ಇಷ್ಟಿರದು, ಆದರೆ ಏರಿಕೆಯಂತೂ ಇದೆ. ಭಾರದ ಪಾಮೆಲ್ ಹಾಕಿದರೆ ತೂಗುಬಿಂದು ಹಿಂದೆ ಬರುತ್ತದೆ, ಮೊನೆಯ ಆಲಸ್ಯ ಹೋಗುವುದಿಲ್ಲ, ಒಟ್ಟು ತೂಕ ಮಾತ್ರ ಹೆಚ್ಚುತ್ತದೆ. ಬೆರಳು ಸೋತಾಗ ಮಣಿಕಟ್ಟು, ಆಮೇಲೆ ಮೊಣಕೈ ಕೆಲಸಕ್ಕೆ ಇಳಿಯುತ್ತವೆ. ಮೊನೆಯ ಸುತ್ತು ದೊಡ್ಡದಾಗುತ್ತದೆ, ಎದುರಾಳಿ ಅದನ್ನು ಓದಿಬಿಡುತ್ತಾನೆ. ಪಾಮೆಲ್ ಹಿಡಿಯುವ ಎಪೇ ಆಟಗಾರನ ಕಷ್ಟವೂ ಅದೇ: ಚುಚ್ಚುವುದು ಸಲೀಸು, ಅಲಗಿಗೆ ಗಟ್ಟಿ ಹೊಡೆತ ಬಿದ್ದರೆ ತಡೆಯಲು ಹಿಡಿತವಿಲ್ಲ.

ಜಾಣ ಎದುರಾಳಿ ಇದನ್ನೇ ಕಾಯುತ್ತಾನೆ. ಅರ್ಧ ಇರಿತ ತೋರಿಸಿ ನಿಮ್ಮ ಪ್ರತಿದಾಳಿಯನ್ನು ಎಳೆಯುತ್ತಾನೆ, ಅದನ್ನು ಪ್ಯಾರಿ ಮಾಡಿ (ಅಲಗಿನಿಂದ ತಡೆದು) ಎಡಗಾಲನ್ನು ಮುಂದಿಟ್ಟು ಒಳನುಗ್ಗುತ್ತಾನೆ. ಈಗ ನಡುವೆ 80 ಸೆಂ.ಮೀ. ಮಾತ್ರ. 112ರ ಮೊನೆಯನ್ನು ಮತ್ತೆ ಅವನ ಎದೆಯ ಮುಂದೆ ತರಬೇಕಾದರೆ ನಿಮ್ಮ ಕೈ ಎದೆಯ ಮಟ್ಟಕ್ಕಿಂತ 32 ಸೆಂ.ಮೀ. ಹಿಂದೆ ಹೋಗಬೇಕು, ಮೊಣಕೈ ಬೆನ್ನಿನಾಚೆ. 94 ಸೆಂ.ಮೀ. ಅಲಗಾದರೆ 14 ಸಾಕು. ಭುಜ ತಿರುಗಿಸಿದರೆ ಆಯಿತು.

94 ಎಂಬ ಸಂಖ್ಯೆ ಸುಮ್ಮನೆ ಎತ್ತಿದ್ದಲ್ಲ. ಇಟಾಲಿಯನ್ ರೇಪಿಯರ್ ಎಂದರೆ ಸಿಡಿಮಿಡಿಗೊಳ್ಳುತ್ತಿದ್ದ ಇಂಗ್ಲಿಷ್ ಗುರು ಜಾರ್ಜ್ ಸಿಲ್ವರ್, 16ನೇ ಶತಮಾನದ ಕೊನೆಯಲ್ಲಿ, ಸಾಧಾರಣ ಎತ್ತರದವನಿಗೆ ಒಂದು ಗಜ ಒಂದು ಇಂಚು, ಎತ್ತರದವನಿಗೆ ಒಂದು ಗಜ ಮೂರು-ನಾಲ್ಕು ಇಂಚು ಎಂದು ಹೇಳಿದ. (ಅವನ ಸಿಟ್ಟನ್ನು ಬದಿಗಿಟ್ಟೇ ಓದಬೇಕು, ಲೆಕ್ಕ ಮಾತ್ರ ಚೊಕ್ಕ.) ಅವನ ಪರೀಕ್ಷೆಯನ್ನು ಯಾರೂ ಮಾಡಿ ನೋಡಬಹುದು. ಎಡಗೈಯಲ್ಲಿ ಕಠಾರಿ ಹಿಡಿದು ತೋಳನ್ನು ನೇರ ಚಾಚಿ ನಿಲ್ಲಿ. ಬಲಗೈಯ ಕತ್ತಿಯನ್ನು ಅನುಕೂಲವಿದ್ದಷ್ಟು ಹಿಂದಕ್ಕೆ ಎಳೆಯಿರಿ. ಮೊನೆ ಕಠಾರಿಯ ಒಳಗೆ ಬರುವಷ್ಟೇ ನಿಮ್ಮ ಉದ್ದ. ಬರದಿದ್ದರೆ, ಅಲಗುಗಳು ಹೆಣೆದುಕೊಂಡಾಗ ಹಿಂದೆ ಸರಿಯದೆ ನಿಮ್ಮದನ್ನು ಬಿಡಿಸಿಕೊಳ್ಳಲಾರಿರಿ.