ನಿಧಾನ ನಡೆದರೆ ನಿಮಗೇನ್ರೀ ಕಷ್ಟ?

"ಮಂಡಿ ನೋವಾ ಸಾರ್?"

ಇವತ್ತು ಬೆಳಿಗ್ಗೆ ತೊಳಹುಣಸೆಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ನನ್ನನ್ನು ದಾಟಿ ಹೋದ ಒಬ್ಬರು ಕೇಳಿದ್ದು. ಮಂಡಿ ಚೆನ್ನಾಗೇ ಇದೆ. ಸುಮ್ನೆ ನಿಧಾನ ನಡೀತಿದ್ದೆ, ಅಷ್ಟೇ. ಪುಣ್ಯಾತ್ಮರು ನಂಬಲಿಲ್ಲ. ಯಾವುದೋ ಎಣ್ಣೆ ಹಚ್ಚಲು ಹೇಳಿ ಹೋದರು.

ಭಾನುವಾರ, ಕ್ಲಾಸಿಲ್ಲ, ಹುಡುಗರ ಗಲಾಟೆ ಇಲ್ಲ. ಧನುರ್ಮಾಸದ ಚಳಿ. ನಮ್ಮೂರಲ್ಲಿ ಈ ಚಳಿ ಇರೋದೇ ನಾಲ್ಕು ದಿನ. ಶಿವರಾತ್ರಿಗೆ ಶಿವಶಿವಾ ಅಂತ ಹೊರಟರೆ ಆಮೇಲಿನ ಬಿಸಿಲು ಗೊತ್ತಲ್ಲ. ದಾರಿ ತುಂಬಾ ಆಕಾಶಮಲ್ಲಿಗೆ ಉದುರಿತ್ತು. ರಾತ್ರಿ ಅರಳಿ ಬೆಳಗಾಗೋದರೊಳಗೆ ಬೀಳುವ ಹೂವು. ಚಿಕ್ಕವರಿದ್ದಾಗ ಅದರ ಉದ್ದ ತೊಟ್ಟುಗಳನ್ನು ಹೆಣೆದೇ ಮಾಲೆ ಮಾಡುತ್ತಿದ್ದೆವು, ದಾರವೇ ಬೇಡ. ಒಂದನ್ನು ಎತ್ತಿಕೊಳ್ಳಲು ಬಗ್ಗಿದೆ. ಹಿಂದಿನಿಂದ "ಸೈಡ್, ಸೈಡ್!" ಕೂಗಿದವರು ಕೈಗಡಿಯಾರದಲ್ಲಿ ಹೆಜ್ಜೆ ಲೆಕ್ಕ ನೋಡುತ್ತಲೇ ಹೂವಿನ ಮೇಲೆ ಟಪಟಪ ಹೋದರು.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು ಅನ್ನೋ ಆ ಲೆಕ್ಕ ಯಾವ ಡಾಕ್ಟರ ಚೀಟಿಯಿಂದಲೂ ಹುಟ್ಟಿದ್ದಲ್ಲ ಸ್ವಾಮಿ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಮೀಟರ್ ಮಾರಲು ಹಿಡಿದ ಸಂಖ್ಯೆ. ಅದಕ್ಕೆ ದಾವಣಗೆರೆಯವರು ಇವತ್ತು ಬೆವರುತ್ತಿದ್ದೇವೆ.

ಶುಗರ್ ಇದ್ದವರು ಬಿರುಸಾಗಿ ನಡೀಬೇಕು ಅಂತೀರಿ. ನಡೀರಿ, ಯಾರು ಬೇಡ ಅಂದರು? ನಿಮ್ಮ ಶುಗರ್‌ಗೆ ನನ್ನ ಕಾಲು ಯಾಕೆ ಓಡಬೇಕು?

ಈ ಕ್ಯಾಂಪಸ್ಸನ್ನೇ ನೋಡಿ. 1979ರಲ್ಲಿ ಮೈಸೂರು ವಿವಿಯ ಪಿಜಿ ಸೆಂಟರ್ ಆಗಿ ಶುರುವಾಯಿತು. ಆಮೇಲೆ ಕುವೆಂಪು ವಿವಿಗೆ ಸೇರಿತು. ಸ್ವಂತ ವಿಶ್ವವಿದ್ಯಾನಿಲಯ ಆಗಿದ್ದು 2009ರಲ್ಲಿ. ಮೂವತ್ತು ವರ್ಷ! ಅದಕ್ಕೇ ಇಲ್ಲದ ಆತುರ ಇವರಿಗೆ.

ಒಂದು ಮಾತು ಹೇಳಿಬಿಡ್ತೀನಿ. ನಮ್ಮಪ್ಪ ಹತ್ತಿ ಗಿರಣಿಯಲ್ಲಿದ್ದವರು. ಸೈರನ್ ಕೂಗಿದರೆ ಬಾಯಲ್ಲಿದ್ದ ತುತ್ತು ನುಂಗುತ್ತಲೇ ಓಡುತ್ತಿದ್ದರು. ಅವರು ನಿಧಾನ ನಡೆದದ್ದನ್ನು ನಾನು ನೋಡಿದ್ದು ರಿಟೈರ್ ಆದ ಮೇಲೆ, ಅದೂ ನಿಜವಾಗಿ ಮಂಡಿ ಹೋದ ಮೇಲೆ. ನಮ್ಮ ಮನೆಯಲ್ಲಿ ಗಟ್ಟಿ ಮಂಡಿ ಇಟ್ಟುಕೊಂಡು ನಿಧಾನ ನಡೆಯುವ ಮೊದಲನೆಯವನು ನಾನು. ಬಿಡ್ತೀನಾ?

ವಾಪಸ್ ಬರುತ್ತಾ ಬೆಣ್ಣೆ ದೋಸೆಗೆ ಕೂತೆ. ಪಕ್ಕದ ಟೇಬಲ್ಲಿನವರು ನನ್ನ ತಟ್ಟೆ ನೋಡಿ, "ನಡೆದದ್ದೆಲ್ಲಾ ವೇಸ್ಟ್ ಆಯ್ತಲ್ವಾ ಸಾರ್" ಅಂದರು. ಇನ್ನೊಂದು ದೋಸೆ ಹೇಳಿದೆ. ಬೆಣ್ಣೆ ಜಾಸ್ತಿ.